ರೈನ್ ತೀರದ ಬಾಸೆಲ್: ಪ್ರವಾಸಿಯ ಕಣ್ಣು ಮತ್ತು ನಗರದ ಚರಿತ್ರೆ

೧

ಪ್ರವಾಸಿಗಳ ಬರಹವನ್ನು ಚರಿತ್ರೆಯ ಆಧಾರವಾಗಿ ಬಳಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ವಿಜಯನಗರದ ಚರಿತ್ರೆಯನ್ನು ಬರೆದವರೆಲ್ಲರೂ ಅಬ್ದುರ್ ರಜಾಕ್, ಪೇಯಸ್, ನೂನಿಜ್ ಮೊದಲಾದವರ ಮಾತನ್ನು ಅವಲಂಬಿಸಿಯೇ ಬರೆದಿದ್ದಾರೆ. ಆದರೆ ಒಂದು ನಗರಕ್ಕೆ ಎರಡು ಮೂರು ದಿನಗಳ ಅತಿಥಿಯಾಗಿ ಬಂದವನು ಅಲ್ಲಿ ಏನನ್ನು ಕಾಣಬಲ್ಲ, ಏನನ್ನು ಕಾಣಲಾರ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಸ್ವತಃ ಪ್ರವಾಸಿಗಳಾಗಿ ಒಂದು ಪ್ರಾಚೀನ ನಗರದಲ್ಲಿ ನಿಂತಾಗಲೇ ಈ ಪ್ರಶ್ನೆಯ ಮಹತ್ತ್ವ ನಮಗೆ ತಿಳಿದದ್ದು. ಆ ನಗರ ಸ್ವಿಟ್ಜರ್ಲೆಂಡಿನ ಬಾಸೆಲ್. ನಮ್ಮ ಒಂದು ತಪ್ಪನ್ನು ಒಪ್ಪಿಕೊಂಡು ಆ ನಗರದ ಚರಿತ್ರೆಯನ್ನು ಸಂಗ್ರಹವಾಗಿ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಆ ತಪ್ಪು ಇಂತಹದು. ಮಧ್ಯಯುಗದ ಯುರೋಪಿನ ನಗರಗಳ ವಿಷಯವನ್ನು ತರಗತಿಯಲ್ಲಿ ಬೋಧಿಸುವಾಗ, ನದಿಯ ಸೇತುವೆಯಿಂದ ನಗರ ಬೆಳೆಯುವ ರೀತಿಗೆ ನಿದರ್ಶನವಾಗಿ ಬಾಸೆಲಿನ ಸೇತುವೆಯ ಚಿತ್ರವೊಂದನ್ನು ನಾವು ಹಲವು ವರ್ಷ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆವು; ಅದು ಕ್ರಿ. ಶ. ೧೨೨೬ರ ಸೇತುವೆಯೆಂದು ಹೇಳುತ್ತಲೂ ಇದ್ದೆವು. ಬಾಸೆಲಿಗೆ ಬಂದ ಮೊದಲ ಸಂಜೆಯೇ ಆ ಸೇತುವೆಯ ಮೇಲೆ ನಿಂತು, ಎಂಟು ಶತಮಾನಗಳ ಕಲ್ಲನ್ನು ಮುಟ್ಟುತ್ತಿದ್ದೇವೆಂದು ಭಾವಿಸಿದೆವು. ವಿಚಾರಿಸಲಾಗಿ ತಿಳಿದುಬಂದ ಸಂಗತಿ ಬೇರೆ: ೧೨೨೬ರಲ್ಲಿ ಸೇತುವೆ ಕಟ್ಟಿದ್ದು ನಿಜ, ಆದರೆ ನಾವು ಮುಟ್ಟಿದ ಕಲ್ಲಿನ ಸೇತುವೆ ೧೯೦೩ರಿಂದ ೧೯೦೫ರ ಅವಧಿಯಲ್ಲಿ ಹೊಸದಾಗಿ ನಿರ್ಮಿತವಾದುದು. ಹಳೆಯದನ್ನು ಕಳಚಿ ಅದೇ ಸ್ಥಳದಲ್ಲಿ ಹೊಸದನ್ನು ಕಟ್ಟಿದ್ದರು. ವರ್ಷವೂ ಸರಿ, ಸ್ಥಳವೂ ಸರಿ, ವಸ್ತು ಮಾತ್ರ ಬೇರೆ. ಇಷ್ಟು ದೊಡ್ಡ ವ್ಯತ್ಯಾಸ ನಮ್ಮ ಕಣ್ಣಿಗೆ ತಾನಾಗಿ ಬೀಳಲಿಲ್ಲವೆಂದ ಮೇಲೆ, ಉಳಿದ ವಿಷಯಗಳಲ್ಲಿ ನಮ್ಮ ಕಣ್ಣನ್ನು ಎಷ್ಟರ ಮಟ್ಟಿಗೆ ನಂಬಬಹುದು?

೨

ಬಾಸೆಲಿನ ಇರವೇ ಅದರ ಚರಿತ್ರೆಯ ಮೊದಲ ಕಾರಣ. ಪೂರ್ವದಿಂದ ಹರಿದುಬರುವ ರೈನ್ ನದಿ ಇಲ್ಲಿ ಮೊಣಕಾಲು ಮಡಿಸಿದಂತೆ ತಿರುಗಿ ಉತ್ತರಾಭಿಮುಖವಾಗುತ್ತದೆ. ಎಡದಂಡೆ ಎತ್ತರವಾದ ದಿಬ್ಬ. ಬಲದಂಡೆ ತಗ್ಗಾದ ಬಯಲು. ದಿಬ್ಬದ ಮೇಲೆ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಕೆಲ್ಟಿಕ್ ಜನರ ಕೋಟೆಯಿಂದ ಬಲಪಡಿಸಿದ ವಸತಿಯಿತ್ತು. ರೋಮನರ ಮುಖ್ಯ ವಸಾಹತು ಮಾತ್ರ ಇಲ್ಲಿರದೆ, ಸುಮಾರು ಹತ್ತು ಕಿಲೊಮೀಟರ್ ಮೇಲುಹೊಳೆಯಲ್ಲಿ ಅಗಸ್ಟಾ ರೌರಿಕಾ ಎಂಬಲ್ಲಿತ್ತು. ಕ್ರಿ. ಪೂ. ೪೪ರಲ್ಲಿ ಮುನಾಟಿಯಸ್ ಪ್ಲಾಂಕಸ್ ಎಂಬ ರೋಮನ್ ಸೇನಾನಿ ಆ ವಸಾಹತಿಗೆ ಅಸ್ತಿವಾರ ಹಾಕಿದನೆಂದು ಹೇಳುತ್ತಾರೆ. ಬಾಸೆಲಿನ ಪುರಭವನದ ಅಂಗಳದಲ್ಲಿ ಅವನ ಬಣ್ಣದ ಪ್ರತಿಮೆಯೊಂದು ನಿಂತಿದೆ. ಅಂದರೆ ನೆರೆಯ ಊರಿನ ಸ್ಥಾಪಕನನ್ನು ಬಾಸೆಲಿನ ಪೌರರು ತಮ್ಮವನೆಂದು ಹದಿನಾರನೆಯ ಶತಮಾನದಲ್ಲಿ ಸ್ವೀಕರಿಸಿದರು. ಊರುಗಳೂ ವಂಶಾವಳಿಯನ್ನು ಕಟ್ಟಿಕೊಳ್ಳುತ್ತವೆಂಬುದಕ್ಕೆ ಇದೊಂದು ಸಾಕ್ಷಿ. 'ಬಸೀಲಿಯಾ' ಎಂಬ ಹೆಸರು ಗ್ರಂಥಸ್ಥವಾಗಿ ಕಾಣುವುದು ಕ್ರಿ. ಶ. ೩೭೪ರ ಘಟನೆಗೆ ಸಂಬಂಧಿಸಿದಂತೆ, ಅಮಿಯಾನಸ್ ಮಾರ್ಸೆಲಿನಸ್ ಎಂಬ ರೋಮನ್ ಇತಿಹಾಸಕಾರನ ಬರಹದಲ್ಲಿ.

ಮಧ್ಯಯುಗದಲ್ಲಿ ಇದು ಬಿಷಪ್ಪರ ನಗರವಾಗಿತ್ತು. ದಿಬ್ಬದ ಮೇಲಿನ ಮುನ್‌ಸ್ಟರ್ ಎಂಬ ಪ್ರಧಾನ ಇಗರ್ಜಿಯನ್ನು ೧೦೧೯ರಲ್ಲಿ ಚಕ್ರವರ್ತಿ ಎರಡನೆಯ ಹೆನ್ರಿಯ ಸಮ್ಮುಖದಲ್ಲಿ ಪ್ರತಿಷ್ಠಾಪಿಸಲಾಯಿತು. ಬಿಷಪ್ ಹೈನ್ರಿಕ್ ಫಾನ್ ಥೂನ್ ೧೨೨೬ರ ಸುಮಾರಿಗೆ ಸೇತುವೆಯನ್ನು ಕಟ್ಟಿಸಿದನು. ನದಿಯ ಆಳವಾದ ಭಾಗದಲ್ಲಿ ಮರದ ಕಂಬಗಳನ್ನೂ ಆಳವಿಲ್ಲದ ಕಡೆ ಕಲ್ಲಿನ ಕಂಬಗಳನ್ನೂ ನಿಲ್ಲಿಸಿದ ಆ ಮಿಶ್ರ ಸೇತುವೆ, ದುರಸ್ತಿಗಳನ್ನು ಕಾಣುತ್ತ, ೧೮೭೯ರಲ್ಲಿ ವೆಟ್‌ಸ್ಟೈನ್ ಸೇತುವೆ ತೆರೆಯುವವರೆಗೂ ರೈನ್ ನದಿಗೆ ನಗರದ ಒಂದೇ ರಸ್ತೆ ಸೇತುವೆಯಾಗಿ ಉಳಿಯಿತು. ಬಲದಂಡೆಯ 'ಚಿಕ್ಕ ಬಾಸೆಲ್' ಈ ಸೇತುವೆಯ ಬುಡದಲ್ಲೇ ಬೆಳೆದು, ೧೩೯೨ರಲ್ಲಿ ಪೌರಸಭೆಯ ಕೈಗೆ ಕ್ರಯವಾಗಿ ಬಂದಿತು. ಸೇತುವೆಯ ನಡುವೆ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಇಂದು ಅದರ ಕಂಬಿಗಳಿಗೆ ಪ್ರೇಮಿಗಳು ಬೀಗಗಳನ್ನು ತೂಗುಹಾಕುತ್ತಾರೆ. ಅಪರಾಧಿಗಳನ್ನು ಕೈಕಾಲು ಕಟ್ಟಿ ನದಿಗೆ ಎಸೆಯುತ್ತಿದ್ದದ್ದು ಅದೇ ಸ್ಥಳದಿಂದ ಎಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರೋ! ನಾವೂ ಕೇಳಿ ತಿಳಿಯಬೇಕಾಯಿತು.

೩

ಕ್ರಿ. ಶ. ೧೩೫೬ನೆಯ ಅಕ್ಟೋಬರ್ ೧೮ರಂದು ಸಂಭವಿಸಿದ ಭೂಕಂಪ ಈ ನಗರದ ಚರಿತ್ರೆಯನ್ನು ಎರಡಾಗಿ ಸೀಳಿತು. ಆಲ್ಪ್ಸ್ ಪರ್ವತದ ಉತ್ತರಕ್ಕೆ ಲಿಖಿತ ಚರಿತ್ರೆಗೆ ತಿಳಿದಿರುವ ಭೂಕಂಪಗಳಲ್ಲಿ ಇದಕ್ಕೆ ಸಮನಾದುದು ಬಹುಶಃ ಮತ್ತೊಂದಿಲ್ಲ. ಕಂಪನದ ಬೆನ್ನಲ್ಲೇ ಬೆಂಕಿ ಹತ್ತಿ ಊರಿನ ಬಹುಭಾಗ ಸುಟ್ಟುಹೋಯಿತು; ಮುನ್‌ಸ್ಟರಿನ ಕಮಾನುಗಳೂ ಗೋಪುರಗಳೂ ಕುಸಿದವು. ಏಳು ವರ್ಷಗಳಲ್ಲಿ, ಎಂದರೆ ೧೩೬೩ರಲ್ಲಿ, ಪ್ರಧಾನ ವೇದಿಕೆಯನ್ನು ಮತ್ತೆ ಪ್ರತಿಷ್ಠಾಪಿಸಿದರಾದರೂ ಐದು ಗೋಪುರಗಳ ಬದಲು ಎರಡೇ ಮೇಲೆದ್ದವು. ಎರಡನೆಯದು ಪೂರ್ಣಗೊಂಡದ್ದು ೧೫೦೦ರಲ್ಲಿ.

ಇಲ್ಲಿ ಒಬ್ಬ ಹಳೆಯ ಪ್ರವಾಸಿಯ ಸಾಕ್ಷ್ಯ ನಮ್ಮ ನೆರವಿಗೆ ಬರುತ್ತದೆ. ೧೪೩೧ರಿಂದ ೧೪೪೯ರವರೆಗೆ ನಡೆದ ಕ್ರೈಸ್ತ ಧರ್ಮಮಹಾಸಭೆಗೆ ಬಂದ ಇಟಲಿಯ ಪಂಡಿತ ಎನೆಯಾ ಸಿಲ್ವಿಯೊ ಪಿಕ್ಕೊಲೊಮಿನಿ ಬಾಸೆಲನ್ನು ವರ್ಣಿಸಿ ಬರೆದಿದ್ದಾನೆ. ಅವನ ಕಣ್ಣಿಗೆ ಇದು ಹಳೆಯ ನಗರವಾಗಿ ಕಾಣಲಿಲ್ಲ. ಭೂಕಂಪದ ತರುವಾಯ ಎದ್ದುನಿಂತ, ಬಣ್ಣದ ಹೆಂಚುಗಳಿಂದ ಹೊಳೆಯುವ ಹೊಸ ನಗರವಾಗಿ ಕಂಡಿತು. ಇಂದಿನ ಪ್ರವಾಸಿ ಯಾವ ಓಣಿಗಳಲ್ಲಿ ಪುರಾತನತೆಯನ್ನು ಅರಸುತ್ತಾನೆಯೋ ಅವೇ ಓಣಿಗಳಲ್ಲಿ ಹದಿನೈದನೆಯ ಶತಮಾನದ ಪ್ರವಾಸಿ ನವೀನತೆಯನ್ನು ಕಂಡ. ಪುರಾತನತೆಯೆಂಬುದು ಕಟ್ಟಡದ ಗುಣವಷ್ಟೇ ಅಲ್ಲ, ನೋಡುವವನು ನಿಂತಿರುವ ಕಾಲದ ಗುಣವೂ ಹೌದು ಎಂಬುದು ಇದರಿಂದ ವಿಶದವಾಗುತ್ತದೆ.

ಈತನೇ ೧೪೫೮ರಲ್ಲಿ ಎರಡನೆಯ ಪಯಸ್ ಎಂಬ ಹೆಸರಿನಿಂದ ಪೋಪನಾದನು. ಬಾಸೆಲಿನ ಪೌರರು ಹಳೆಯ ಪರಿಚಯವನ್ನು ನೆನೆದು ಬೇಡಿಕೊಳ್ಳಲು, ವಿಶ್ವವಿದ್ಯಾನಿಲಯ ಸ್ಥಾಪನೆಗೆ ೧೪೫೯ರಲ್ಲಿ ಅನುಜ್ಞೆಯಿತ್ತನು. ೧೪೬೦ರ ಏಪ್ರಿಲಿನಲ್ಲಿ ಆರಂಭವಾದ ಆ ವಿಶ್ವವಿದ್ಯಾನಿಲಯ ಇಂದಿಗೂ ನಡೆಯುತ್ತಿದೆ. ಅತಿಥಿಯೊಬ್ಬನ ಮೆಚ್ಚುಗೆ ಸಂಸ್ಥೆಯಾಗಿ ನಿಂತ ಇಂತಹ ಉದಾಹರಣೆಗಳು ವಿರಳ.

೪

ಧರ್ಮಮಹಾಸಭೆಯ ಕಾಲದಲ್ಲಿ ಬರೆಯುವವರೂ ಬರೆಯಿಸುವವರೂ ನಗರದಲ್ಲಿ ತುಂಬಿಕೊಂಡಿದ್ದರು. ಕಾಗದಕ್ಕೆ ಬೇಡಿಕೆ ಹೆಚ್ಚಿತು. ಸೇಂಟ್ ಆಲ್ಬನ್ ಮೊಹಲ್ಲೆಯ ಕಾಲುವೆಯ ಮೇಲಿದ್ದ ಗಿರಣಿಯೊಂದನ್ನು ೧೪೫೩ರಲ್ಲಿ ಆಂಟನ್ ಗಾಲಿಸಿಯಾನ್ ಎಂಬವನು ಕಾಗದದ ಗಿರಣಿಯಾಗಿ ಮಾರ್ಪಡಿಸಿದನು. ಈಗ ಅದು ವಸ್ತುಸಂಗ್ರಹಾಲಯವಾಗಿದ್ದು, ಚಿಂದಿ ಬಟ್ಟೆಯನ್ನು ಕುಟ್ಟಿ ಕಾಗದ ತೆಗೆಯುವ ಬಗೆಯನ್ನು ನೀರಿನ ಚಕ್ರದ ಸಮೇತ ತೋರಿಸುತ್ತಾರೆ. ಕಾಗದ, ನೀರು, ಪಂಡಿತರು, ಹಣ ಇವು ಒಂದೆಡೆ ಕೂಡಿದ್ದ ಸ್ಥಳಕ್ಕೆ ಮುದ್ರಣ ಬಂದು ನೆಲೆಸಿದುದರಲ್ಲಿ ಆಶ್ಚರ್ಯವಿಲ್ಲ. ಎರಾಸ್ಮಸ್ ಪರಿಷ್ಕರಿಸಿದ ಗ್ರೀಕ್ ಹೊಸ ಒಡಂಬಡಿಕೆ ೧೫೧೬ರಲ್ಲಿ ಫ್ರೋಬೆನ್ನನ ಅಚ್ಚುಕೂಟದಿಂದ ಹೊರಬಂದಿತು. ಮಾನವಶರೀರ ರಚನೆಯನ್ನು ಕುರಿತ ವೆಸೇಲಿಯಸನ ಮಹಾಗ್ರಂಥವನ್ನು ೧೫೪೩ರಲ್ಲಿ ಓಪೊರಿನಸ್ ಮುದ್ರಿಸಿದನು. ಅದೇ ವರ್ಷ ಅವನಿಂದಲೇ ಲ್ಯಾಟಿನ್ ಕುರಾನ್ ಕೂಡ ಪ್ರಕಟವಾಯಿತು. ಆ ಸಾಹಸಕ್ಕಾಗಿ ಪೌರಸಭೆ ಅವನನ್ನು ಕೆಲವು ಕಾಲ ಸೆರೆಯಲ್ಲಿಟ್ಟಿತ್ತು. ಬಾಸೆಲನ್ನು ವಿಚಾರ ಸ್ವಾತಂತ್ರ್ಯದ ತವರೆಂದು ಹೊಗಳುವವರು ಈ ಸೆರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೧೫೨೯ರ ಫೆಬ್ರವರಿಯಲ್ಲಿ ಮತಸುಧಾರಣೆಯ ಆವೇಶದಲ್ಲಿ ಜನರು ಮುನ್‌ಸ್ಟರಿಗೆ ನುಗ್ಗಿ ವಿಗ್ರಹಗಳನ್ನೂ ಚಿತ್ರಗಳನ್ನೂ ಒಡೆದು ಸುಟ್ಟರು. ಎರಾಸ್ಮಸ್ ನಗರವನ್ನು ಬಿಟ್ಟು ಫ್ರೈಬುರ್ಗಿಗೆ ಹೋದನು. ೧೫೩೫ರಲ್ಲಿ ಮರಳಿ ಬಂದು, ಮರುವರ್ಷ ಇಲ್ಲಿಯೇ ತೀರಿಕೊಂಡನು. ಹಳೆಯ ಮತವನ್ನು ಬಿಡದ ಆ ಪಂಡಿತನ ಸಮಾಧಿ ಹೊಸ ಮತದವರ ಮುನ್‌ಸ್ಟರಿನೊಳಗೇ ಇದೆ.

ಭಗ್ನವಾದುದರ ವಿಷಯದಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆದ ಸಂಗತಿ ಇನ್ನೊಂದು. ವಿಗ್ರಹಭಂಜನೆಯ ದಿನಗಳಲ್ಲಿಯೂ ಮುನ್‌ಸ್ಟರಿನ ಬಂಗಾರ ಬೆಳ್ಳಿಯ ಭಂಡಾರ ಕೈತಪ್ಪಲಿಲ್ಲ. ಮೂರು ಶತಮಾನಗಳ ಕಾಲ ಅದು ಭದ್ರವಾಗಿತ್ತು. ಅದು ಚದುರಿಹೋದದ್ದು ದೊಂಬಿಯಿಂದಲ್ಲ, ಕಾನೂನಿನಿಂದ. ೧೮೩೩ರಲ್ಲಿ ಬಾಸೆಲ್ ಪ್ರಾಂತ ನಗರ ಮತ್ತು ಗ್ರಾಮಾಂತರಗಳೆಂದು ಎರಡಾದಾಗ, ಆಸ್ತಿಯ ವಿಭಾಗದಲ್ಲಿ ಭಂಡಾರದ ಮೂರರಲ್ಲಿ ಎರಡು ಪಾಲು ಗ್ರಾಮಾಂತರಕ್ಕೆ ಸಂದಿತು. ಅವರು ಅದನ್ನು ೧೮೩೬ರಲ್ಲಿ ಹರಾಜು ಹಾಕಿದರು. ಚಕ್ರವರ್ತಿ ಹೆನ್ರಿಯ ಕಾಣಿಕೆಯೆಂದು ಪ್ರಸಿದ್ಧವಾದ ಚಿನ್ನದ ವೇದಿಕಾಫಲಕ ಇಂದು ಪ್ಯಾರಿಸಿನ ಕ್ಲ್ಯೂನಿ ವಸ್ತುಸಂಗ್ರಹಾಲಯದಲ್ಲಿದೆ. ಹಾಗೆಯೇ ಡೊಮಿನಿಕನ್ ಸನ್ಯಾಸಿಗಳ ಮಠದ ಸ್ಮಶಾನದ ಗೋಡೆಯ ಮೇಲೆ ಹದಿನೈದನೆಯ ಶತಮಾನದ ನಡುಭಾಗದಲ್ಲಿ ಬರೆದಿದ್ದ 'ಮೃತ್ಯುನರ್ತನ' ಎಂಬ ಚಿತ್ರಮಾಲಿಕೆ ಮತಸುಧಾರಣೆಯನ್ನೂ ದಾಟಿ ಉಳಿದಿತ್ತು. ಪೋಪನಿಂದ ಹಿಡಿದು ರೈತನವರೆಗೆ ಎಲ್ಲರನ್ನೂ ಸಾವು ಕೈಹಿಡಿದು ಕುಣಿಸುವ ಆ ಚಿತ್ರವನ್ನು ನೋಡಲೆಂದೇ ಪ್ರವಾಸಿಗಳು ಬರುತ್ತಿದ್ದರು. ೧೮೦೫ರಲ್ಲಿ ಆ ಗೋಡೆಯನ್ನೇ ಕೆಡವಿದರು. ಕೆಲವರು ಪ್ರಯಾಸದಿಂದ ಉಳಿಸಿಕೊಂಡ ತುಣುಕುಗಳನ್ನು ಇಂದು ಬಾರ್‌ಫ್ಯೂಸರ್ ಇಗರ್ಜಿಯಲ್ಲಿರುವ ಚಾರಿತ್ರಿಕ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ನಾಶಕ್ಕೆ ಮತಾವೇಶವೊಂದೇ ಕಾರಣವೆಂದು ಬೋಧಿಸುವುದು ಸುಲಭ; ಶಾಂತಿಕಾಲದ ಕಡತಗಳೂ ನಿರ್ಣಯಗಳೂ ಅದಕ್ಕಿಂತ ಕಡಿಮೆಯೇನನ್ನೂ ನಾಶಪಡಿಸಿಲ್ಲ.

ಉಳಿಸಿಕೊಂಡುದರ ಚರಿತ್ರೆಯೂ ಇದೆ. ಆಮರ್‌ಬಾಖ್ ಮನೆತನದ ಚಿತ್ರಸಂಗ್ರಹ ಪರಸ್ಥಳಕ್ಕೆ ಮಾರಾಟವಾಗುವ ಸಂಭವ ಬಂದಾಗ, ೧೬೬೧ರಲ್ಲಿ ನಗರವೂ ವಿಶ್ವವಿದ್ಯಾನಿಲಯವೂ ಸೇರಿ ಅದನ್ನು ಕೊಂಡುಕೊಂಡವು. ೧೬೭೧ರಲ್ಲಿ ಸಾರ್ವಜನಿಕರಿಗೆ ತೆರೆದವು. ರಾಜನ ಸ್ವತ್ತಲ್ಲದೆ ಪೌರರ ಸ್ವತ್ತಾಗಿದ್ದ ಕಲಾಸಂಗ್ರಹಗಳಲ್ಲಿ ಇದು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಹೋಲ್ಬೈನ್ ೧೫೨೧–೨೨ರಲ್ಲಿ ಬರೆದ ಮೃತ ಕ್ರಿಸ್ತನ ಚಿತ್ರ ಅದರಲ್ಲಿದೆ. ೧೮೬೭ರಲ್ಲಿ ಪ್ರವಾಸಿಯಾಗಿ ಬಂದ ದಾಸ್ತೊಯೆವ್‌ಸ್ಕಿ ಅದರ ಮುಂದೆ ಸ್ತಬ್ಧನಾಗಿ ನಿಂತುದನ್ನು ಅವನ ಪತ್ನಿ ದಾಖಲಿಸಿದ್ದಾಳೆ. ಆ ಚಿತ್ರ ಅವನ 'ಈಡಿಯಟ್' ಕಾದಂಬರಿಯೊಳಕ್ಕೆ ಬಂದಿತು. ಮೂರು ಶತಮಾನಗಳ ತರುವಾಯವೂ ಈ ಸಂಪ್ರದಾಯ ಸತ್ತಿರಲಿಲ್ಲ. ನಗರದ ಸಂಗ್ರಹಾಲಯದಲ್ಲಿ ಎರವಲಾಗಿದ್ದ ಪಿಕಾಸೊನ ಎರಡು ಚಿತ್ರಗಳು ಮಾರಾಟವಾಗಲಿದ್ದಾಗ, ಅವುಗಳಿಗಾಗಿ ಅರುವತ್ತು ಲಕ್ಷ ಫ್ರಾಂಕುಗಳನ್ನು ಸಾರ್ವಜನಿಕ ಬೊಕ್ಕಸದಿಂದ ಕೊಡಬಹುದೇ ಎಂದು ೧೯೬೭ರ ಡಿಸೆಂಬರಿನಲ್ಲಿ ಮತ ಹಾಕಿಸಲು, ಪೌರರು ಕೊಡಬಹುದೆಂದರು. ಉಳಿದ ಇಪ್ಪತ್ತನಾಲ್ಕು ಲಕ್ಷವನ್ನು ಬೀದಿಯಲ್ಲಿ ಉತ್ಸವ ನಡೆಸಿ ಚಂದಾ ಎತ್ತಿದರು. ಸಂತುಷ್ಟನಾದ ಪಿಕಾಸೊ ಇನ್ನೂ ನಾಲ್ಕು ಕೃತಿಗಳನ್ನು ನಗರಕ್ಕೆ ಉಡುಗೊರೆಯಾಗಿ ಕೊಟ್ಟನು.

೫

ಪ್ರವಾಸಿಗಳಲ್ಲಿ ಸೂಕ್ಷ್ಮದೃಷ್ಟಿಯುಳ್ಳವರು ಏನನ್ನು ಗಮನಿಸುತ್ತಾರೆಂಬುದಕ್ಕೆ ಮೊಂಟೇನ್ ಒಳ್ಳೆಯ ನಿದರ್ಶನ. ೧೫೮೦ರಲ್ಲಿ ಇಲ್ಲಿಗೆ ಬಂದ ಈ ಫ್ರೆಂಚ್ ಲೇಖಕನ ದಿನಚರಿಯಲ್ಲಿ ಇಗರ್ಜಿಯ ಗೋಪುರಗಳಿಗಿಂತ ಊರಿನ ಗಡಿಯಾರದ ವಿಷಯ ಹೆಚ್ಚು ಕುತೂಹಲಕರವಾಗಿದೆ. ಬಾಸೆಲಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ಗಂಟೆ ಮುಂದಾಗಿರುತ್ತಿದ್ದವು. ಈ ವಿಚಿತ್ರ ಪದ್ಧತಿಗೆ ಕಾರಣ ಹೇಳುವ ದಂತಕಥೆಗಳು ಹಲವು. ಪದ್ಧತಿ ಮಾತ್ರ ೧೭೯೮ರ ಆರಂಭದವರೆಗೂ ನಡೆಯಿತು. ಆ ಗಡಿಯಾರಗಳು ಈಗ ಎಲ್ಲರ ಗಡಿಯಾರಗಳಂತೆಯೇ ನಡೆಯುತ್ತವೆ. ಒಬ್ಬ ಪ್ರವಾಸಿ ಬರೆದಿಡದೆ ಹೋಗಿದ್ದರೆ ಅಂದಿನ ನಿತ್ಯಜೀವನದ ಈ ಅನುಭವ ನಮಗೆ ಇಷ್ಟು ಹತ್ತಿರವಾಗುತ್ತಿರಲಿಲ್ಲ. ಊರಿನವನು ಬರೆಯಲೇಬೇಕೆಂದುಕೊಳ್ಳದಷ್ಟು ಸಾಮಾನ್ಯವಾದುದೇ ಹೊರಗಿನವನ ಕಣ್ಣಿಗೆ ಬೀಳುತ್ತದೆ. ಪ್ರವಾಸಿಯ ಸಾಕ್ಷ್ಯದ ನಿಜವಾದ ಬೆಲೆ ಇಲ್ಲಿದೆ.

ಆದರೆ ಪ್ರವಾಸಿಯ ಕಣ್ಣಿಗೆ ಬೀಳದೆ ಹೋಗುವುದು ಕೆಲಸ ಮತ್ತು ಹಣದ ಚಲನೆ. ಹದಿನಾರನೆಯ ಶತಮಾನದಿಂದ ಮತಪೀಡೆಗೆ ಸಿಕ್ಕಿ ಓಡಿಬಂದ ನಿರಾಶ್ರಿತರು ಬಾಸೆಲಿಗೆ ರೇಷ್ಮೆ ರಿಬ್ಬನ್ನಿನ ನೇಯ್ಗೆಯನ್ನು ತಂದರು. ಮಗ್ಗಗಳು ಸುತ್ತಲ ಹಳ್ಳಿಗಳ ಗುಡಿಸಲುಗಳಲ್ಲಿದ್ದವು. ಲಾಭ ದಿಬ್ಬದ ಮೇಲಿನ ಭವನಗಳಿಗೆ ಬರುತ್ತಿತ್ತು. ನಗರಕ್ಕೂ ಗ್ರಾಮಾಂತರಕ್ಕೂ ೧೮೩೩ರಲ್ಲಿ ಆದ ಒಡಕನ್ನು ಅರಿಯುವವರು ಈ ಸಂಬಂಧವನ್ನು ಮರೆಯಬಾರದು. ರಿಬ್ಬನ್ನಿಗೆ ಬಣ್ಣ ಬೇಕಾದ್ದರಿಂದ, ೧೮೫೯ರಲ್ಲಿ ಅಲೆಕ್ಸಾಂಡರ್ ಕ್ಲಾವೆಲ್ ಎಂಬ ಬಣ್ಣಗಾರ ಫುಕ್ಸಿನ್ ಎಂಬ ಕೃತಕ ವರ್ಣವನ್ನು ಇಲ್ಲಿ ತಯಾರಿಸತೊಡಗಿದನು. ಬಣ್ಣದ ಉದ್ಯಮ ರಾಸಾಯನಿಕ ಉದ್ಯಮವಾಗಿ, ಅದು ಔಷಧಿಗಳ ಉದ್ಯಮವಾಗಿ ಬೆಳೆಯಿತು. ನೀರನ್ನು ಕೊಟ್ಟುದೂ ಕೊಳೆಯನ್ನು ಒಯ್ದುದೂ ಒಂದೇ ರೈನ್.

ಈ ಸರಪಣಿಯ ಕೊನೆಯ ಕೊಂಡಿ ೧೯೮೬ನೆಯ ನವೆಂಬರ್ ೧ರ ರಾತ್ರಿ. ನಗರದ ಮೇಲುಹೊಳೆಯ ಶ್ವೈಟ್ಸರ್‌ಹಾಲೆಯಲ್ಲಿ ಸಾಂಡೋಸ್ ಕಂಪೆನಿಯ ಉಗ್ರಾಣಕ್ಕೆ ಬೆಂಕಿ ಬಿದ್ದಿತು. ಸುಮಾರು ೧,೩೫೦ ಟನ್ ರಾಸಾಯನಿಕಗಳು ಅದರಲ್ಲಿದ್ದವು. ಆರಿಸಲು ಸುರಿದ ನೀರು ವಿಷವನ್ನೂ ಕೆಂಪು ಬಣ್ಣವನ್ನೂ ಹೊತ್ತು ನದಿಗೆ ಇಳಿಯಿತು. ನೂರಾರು ಕಿಲೊಮೀಟರ್ ಕೆಳಗಿನವರೆಗೆ ಹಾವುಮೀನುಗಳು ಸತ್ತು ತೇಲಿದವು. ಮರುವರ್ಷವೇ ರೈನ್ ತೀರದ ರಾಷ್ಟ್ರಗಳು ನದಿಯನ್ನು ಶುದ್ಧಗೊಳಿಸಲು ಒಂದು ಸಂಯುಕ್ತ ಯೋಜನೆಯನ್ನು ಅಂಗೀಕರಿಸಿದವು. ಬೇಸಿಗೆಯ ಸಂಜೆ ಬಾಸೆಲಿನ ಜನರು ಬಟ್ಟೆಗಳನ್ನು ನೀರು ನುಗ್ಗದ ಚೀಲದಲ್ಲಿ ಕಟ್ಟಿಕೊಂಡು ಹೊಳೆಯಲ್ಲಿ ತೇಲಿಹೋಗುವುದನ್ನು ನಾವು ದಂಡೆಯ ಮೇಲೆ ಕುಳಿತು ನೋಡಿದೆವು. ಆ ನೋಟ ಅನಾದಿಯಾದುದೆಂದೇ ತೋರುತ್ತದೆ. ಆದರೆ ಆ ನೀರಿನ ನಿರ್ಮಲತೆ ೧೯೦೫ರ ಸೇತುವೆಗಿಂತಲೂ ಈಚಿನದು. ಕಾನೂನು, ಶೋಧನಾಗಾರ, ನಿರಂತರ ಪರೀಕ್ಷೆ ಇವುಗಳಿಂದ ಗಳಿಸಿಕೊಂಡದ್ದು.

೬

ಕನ್ನಡಿಗರಾದ ನಮಗೆ ಈ ನಗರದೊಡನೆ ಒಂದು ನಂಟಿದೆ. ೧೮೧೫ರಲ್ಲಿ ಇಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ೧೮೩೪ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದರು. ಮೋಗ್ಲಿಂಗ್ ೧೮೪೩ರ ಜುಲೈನಲ್ಲಿ ಹೊರತಂದ 'ಮಂಗಳೂರು ಸಮಾಚಾರ', ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ, ಕಿಟ್ಟೆಲ್ ೧೮೯೪ರಲ್ಲಿ ಪ್ರಕಟಿಸಿದ ನಿಘಂಟು ಇವು ಓದುಗರಿಗೆ ಸುಪರಿಚಿತ. ಇದರಿಂದ ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರು ಬಾಸೆಲಿನವರೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲ. ಮಿಷನ್ನಿನ ಕೆಲಸಗಾರರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಸಾಮಾನ್ಯ ಕುಟುಂಬಗಳಿಂದ ಬಂದವರು. ಮೋಗ್ಲಿಂಗ್ ಆ ಪ್ರಾಂತದವನು, ಕಿಟ್ಟೆಲ್ ಉತ್ತರ ಜರ್ಮನಿಯವನು. ಬಾಸೆಲ್ ಕೊಟ್ಟದ್ದು ಶಿಕ್ಷಣದ ಮನೆ, ಆಡಳಿತ ಮತ್ತು ಹಣ. ಆಡಳಿತ ಸಮಿತಿಯಲ್ಲಿ ದಿಬ್ಬದ ಮೇಲಿನ ಶ್ರೀಮಂತ ಮನೆತನಗಳಿಗೆ ಪ್ರಮುಖ ಸ್ಥಾನವಿತ್ತು. ಆ ಶ್ರೀಮಂತಿಕೆಯಲ್ಲಿ ರಿಬ್ಬನ್ನಿನ ಲಾಭದ ಪಾಲು ದೊಡ್ಡದು. ಹಳ್ಳಿಯ ನೇಕಾರನ ಮಗ್ಗದಿಂದ ಕನ್ನಡದ ನಿಘಂಟಿನವರೆಗೆ ಹರಿದ ಈ ಹಣದ ದಾರಿಯನ್ನು ಯಾವ ಮಾರ್ಗದರ್ಶಿಯೂ ಪ್ರವಾಸಿಗೆ ತೋರಿಸುವುದಿಲ್ಲ. ಮಿಷನ್ನಿನ ದಾಖಲೆಗಳೂ ಛಾಯಾಚಿತ್ರಗಳೂ ಬಾಸೆಲಿನಲ್ಲಿ ಸುರಕ್ಷಿತವಾಗಿವೆ. ನಮ್ಮ ತರುಣ ಸಂಶೋಧಕರು ಜರ್ಮನ್ ಭಾಷೆಯನ್ನು ಕಲಿತು ಅವುಗಳನ್ನು ಹೆಚ್ಚು ಹೆಚ್ಚಾಗಿ ಬಳಸುವುದು ಅವಶ್ಯಕ.

೭

ಬಾಸೆಲಿನವನೇ ಆದ ಇತಿಹಾಸಕಾರ ಯಾಕೋಬ್ ಬುರ್ಕ್‌ಹಾರ್ಟ್ ಇಟಲಿಯ ಪುನರುಜ್ಜೀವನವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ೧೮೬೦ರಲ್ಲಿ ಪ್ರಕಟಿಸುವ ಮೊದಲು, ೧೮೫೫ರಲ್ಲಿ, ಇಟಲಿಗೆ ಹೋಗುವವರಿಗಾಗಿ ಕಲಾಕೃತಿಗಳ ಮಾರ್ಗದರ್ಶಿಯೊಂದನ್ನು ಬರೆದನೆಂಬುದು ಗಮನಾರ್ಹ. ಪ್ರವಾಸಿಗೆ ನೋಡಲು ಕಲಿಸುವುದು ಇತಿಹಾಸಕಾರನ ಘನತೆಗೆ ಕಡಿಮೆಯಾದ ಕೆಲಸವೆಂದು ಆತ ಎಣಿಸಲಿಲ್ಲ.

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಒಂದು ಸ್ಥಳದ ವಯಸ್ಸು ಬೇರೆ, ಅಲ್ಲಿ ಕಾಣುವ ಕಟ್ಟಡದ ವಯಸ್ಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಎರಡನೆಯದಾಗಿ, ಉಳಿದಿರುವುದು ತಾನಾಗಿ ಉಳಿದುದಲ್ಲ. ಯಾರೋ ಹಣ ಕೊಟ್ಟು, ಮತ ಕೊಟ್ಟು, ವಾದ ಮಾಡಿ ಉಳಿಸಿದ್ದು. ಹಾಗೆಯೇ ಹೋದುದೆಲ್ಲ ಶತ್ರುವಿನ ಕೈಯಿಂದ ಹೋದುದಲ್ಲ. ಮೂರನೆಯದಾಗಿ, ಪ್ರವಾಸಿಯ ಸಾಕ್ಷ್ಯ ನಿತ್ಯಜೀವನದ ವಿಷಯದಲ್ಲಿ ಅಮೂಲ್ಯ, ಆರ್ಥಿಕ ಸಂಬಂಧಗಳ ವಿಷಯದಲ್ಲಿ ದುರ್ಬಲ. ಪೇಯಸನನ್ನೂ ನೂನಿಜನನ್ನೂ ಓದುವಾಗ ನಾವು ಈ ಭೇದವನ್ನು ಮರೆಯಬಾರದು.

ಹೊರಡುವ ದಿನ ನಾವು ಮುನ್‌ಸ್ಟರಿನ ಕೆಳಗಿನ ಕಡವಿನಲ್ಲಿ ದೋಣಿ ಹತ್ತಿ ಚಿಕ್ಕ ಬಾಸೆಲಿಗೆ ದಾಟಿದೆವು. ಈ ದೋಣಿಗೆ ಯಂತ್ರವಿಲ್ಲ, ಹುಟ್ಟಿಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ಹಗ್ಗದಿಂದ ಬಿಗಿದ ದೋಣಿಯನ್ನು ಅಂಬಿಗನು ಓರೆಯಾಗಿ ತಿರುಗಿಸಿ ಹಿಡಿದರೆ, ಪ್ರವಾಹವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಬಾಸೆಲಿನಲ್ಲಿ ಈ ಬಗೆಯ ಕಡವು ಮೊದಲು ನಡೆದದ್ದು ಎಂದೋ ಎಂದು ಅಂಬಿಗನನ್ನು ಕೇಳಿದೆವು, ೧೮೫೪ರಲ್ಲಿ ಎಂದನು. ದೋಣಿಯಿಂದ ಇಳಿದ ಮೇಲೆ ಆ ವರ್ಷವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಅದರ ಕೆಳಗೆ 'ಈ ದೋಣಿ ಯಾವಾಗಿನದು?' ಎಂದು ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಂಡೆವು. ಊರಿಗೆ ಮರಳಿದ ಬಳಿಕ ತರಗತಿಯ ಆ ಹಳೆಯ ಚಿತ್ರದ ಕೆಳಗೂ ೧೨೨೬ರ ಪಕ್ಕದಲ್ಲಿ ೧೯೦೫ ಎಂಬ ವರ್ಷವನ್ನು ಸೇರಿಸಿದ್ದೇವೆ.